ಗೆದ್ದದ್ದು ಯಾರ ಮೇಲೆ?

ಒಂದು ತಂಡ ಹದಿಮೂರು ಪಂದ್ಯ ಆಡಿ ಹದಿಮೂರನ್ನೂ ಗೆದ್ದಿದೆ. ಇನ್ನೊಂದು ಹದಿಮೂರು ಆಡಿ ಹನ್ನೆರಡು ಗೆದ್ದು, ಒಂದನ್ನು ತನ್ನ ಸ್ವಂತ ಮೈದಾನದಲ್ಲೇ ಸೋತಿದೆ. ಒಳಗೆ ಒಂದೇ ಒಂದು ಜಾಗ ಉಳಿದಿದೆ. ಯಾರನ್ನು ಕರೆಯಬೇಕು? ನಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳನ್ನು ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೇಳುತ್ತಾರೆ. ಆದರೆ 2023ರ ಡಿಸೆಂಬರ್ 3ರಂದು ಅಮೆರಿಕದಲ್ಲಿ ಹದಿಮೂರು ಮಂದಿಯ ಸಮಿತಿಯೊಂದು ಸೋತ ತಂಡವನ್ನು ಕರೆದು, ಸೋಲದ ತಂಡವನ್ನು ಬಾಗಿಲಲ್ಲೇ ನಿಲ್ಲಿಸಿತು. ಅವರು ಕೊಟ್ಟ ಕಾರಣಗಳನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಮಕ್ಕಳ ಪೇಪರ್ ತಿದ್ದಿ ಅಂಕ ಕೊಡುವುದೇ ಕಸುಬಾದವಳಿಗೆ ಅದು ದೂರದ ಸುದ್ದಿ ಅನ್ನಿಸಲಿಲ್ಲ.

ಆಗ ನಾನು ಫ್ಲಾರಿಡಾದಲ್ಲಿದ್ದೆ. ಮಗಳ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿ ಹೋಗಿದ್ದೆ. ಅಳಿಯಂದಿರು ಎಂ.ಎಸ್. ಓದಿದ್ದು ಅಲ್ಲಿಯ ಟಲಹಾಸಿ ಊರಿನ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಶನಿವಾರ ಬಂತೆಂದರೆ ಅವರು ಟಿ.ವಿ. ಮುಂದೆ, ನಾನು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಪಕ್ಕದಲ್ಲಿ. ಫುಟ್‌ಬಾಲ್ ಎಂದು ಹೆಸರು, ಆದರೆ ಚೆಂಡು ಇರುವುದು ಹೆಚ್ಚು ಹೊತ್ತು ಕೈಯಲ್ಲೇ. ತೆಂಗಿನಕಾಯಿಯ ಆಕಾರದ ಆ ಚೆಂಡನ್ನು ಎತ್ತಿಕೊಂಡು ಓಡುವುದು, ಎಸೆಯುವುದು, ಓಡುವವನನ್ನು ಕೆಡವುವುದು. ಆಟದ ವಿವರ ಈ ಬರಹಕ್ಕೆ ಬೇಕಿಲ್ಲ. ಬೇಕಾದದ್ದು ಒಂದೇ ಮಾತು: ಚೆಂಡನ್ನು ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಎಂದು ಪ್ರತಿ ಸಲವೂ ತೀರ್ಮಾನಿಸುವ ಒಬ್ಬ ಆಟಗಾರನಿರುತ್ತಾನೆ, ಅವನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ತಂಡದ ಅರ್ಧ ಜೀವ ಅವನು.

ಈ ಆಟದ ತೊಡಕೆಲ್ಲ ಹುಟ್ಟುವುದು ಒಂದು ಲೆಕ್ಕದಿಂದ. 2023ರಲ್ಲಿ ಮೇಲ್ಮಟ್ಟದಲ್ಲಿ ಆಡುತ್ತಿದ್ದ ಕಾಲೇಜು ತಂಡಗಳು 133. ಪ್ರತಿ ತಂಡವೂ ಉಳಿದ ಎಲ್ಲದರೊಂದಿಗೆ ಒಂದೊಂದು ಸಲ ಆಡಬೇಕಾದರೆ ಒಟ್ಟು 8,778 ಪಂದ್ಯಗಳಾಗುತ್ತವೆ. ಮೈಮೂಳೆ ಮುರಿಯುವ ಆಟ, ವಾರಕ್ಕೊಂದಕ್ಕಿಂತ ಹೆಚ್ಚು ಆಡುವಂತಿಲ್ಲ. ಹಾಗಾಗಿ ಎಲ್ಲ ಮುಗಿಯಲು ಎರಡೂವರೆ ವರ್ಷ ಬೇಕು. ಅವರ ಹತ್ತಿರ ಇರುವುದು ಮೂರು ತಿಂಗಳು. ಆದ್ದರಿಂದ ಪ್ರತಿ ತಂಡಕ್ಕೂ ಹನ್ನೆರಡು ಪಂದ್ಯ, ತಮ್ಮ ಒಕ್ಕೂಟದಲ್ಲಿ ಮೊದಲಾದವರಿಗೆ ಇನ್ನೊಂದು. ಎಂಟೋ ಒಂಬತ್ತೋ ಪಂದ್ಯ ಒಕ್ಕೂಟದೊಳಗೇ ನಡೆಯುತ್ತವೆ. ಅವರು ಅದನ್ನು ಕಾನ್ಫರೆನ್ಸ್ ಎನ್ನುತ್ತಾರೆ, ನಮ್ಮ ಹೋಬಳಿ ಇದ್ದ ಹಾಗೆ. ಉಳಿದ ಮೂರು ನಾಲ್ಕನ್ನು ತಂಡಗಳೇ ವರ್ಷಗಟ್ಟಲೆ ಮುಂಚೆ ಮಾತಾಡಿ ಗೊತ್ತು ಮಾಡಿಕೊಳ್ಳುತ್ತವೆ. ಕೊನೆಗೆ ಡಿಸೆಂಬರಿನಲ್ಲಿ, ಒಬ್ಬರನ್ನೊಬ್ಬರು ಕಂಡೇ ಇರದ ತಂಡಗಳನ್ನು ಎದುರುಬದುರು ತೂಗಬೇಕು.

ತೂಗುವುದು ಹೇಗೆ? ಮೊದಮೊದಲು ಪತ್ರಕರ್ತರು ವೋಟು ಹಾಕುತ್ತಿದ್ದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಲ್ಲಿ ಶುರು ಮಾಡಿದ ಪಟ್ಟಿ ಇಂದಿಗೂ ನಡೆದಿದೆ. 1950ರಿಂದ ತರಬೇತುದಾರರ ವೋಟಿನ ಪಟ್ಟಿಯೂ ಸೇರಿತು. ಚಾಂಪಿಯನ್ ಯಾರೆಂಬುದು ಮೈದಾನದಲ್ಲಿ ತೀರ್ಮಾನವಾಗದೆ ಕಾಗದದ ಮೇಲೆ ಆಗುತ್ತಿದ್ದ ಕಾಲ ಅದು. 1984ರಲ್ಲಿ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಹದಿಮೂರಕ್ಕೆ ಹದಿಮೂರು ಗೆದ್ದಿತು. ಕೊನೆಯ ಪಂದ್ಯದಲ್ಲಿ ಅದು 24-17ರಿಂದ ಸೋಲಿಸಿದ ಮಿಷಿಗನ್ ಆ ವರ್ಷ ಆರು ಗೆದ್ದು ಆರು ಸೋತ ತಂಡ. ಆದರೂ ಎರಡೂ ಪಟ್ಟಿಗಳಲ್ಲಿ ಮೊದಲ ಸ್ಥಾನ ಬ್ರಿಗಮ್ ಯಂಗ್‌ಗೆ ಸಿಕ್ಕಿತು. ದೊಡ್ಡ ಒಕ್ಕೂಟಗಳವರಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಹಾಳೂರಿಗೆ ಉಳಿದವನೇ ಗೌಡ ಎಂದು ನಮ್ಮಲ್ಲಿ ಹೇಳುವ ಮಾತನ್ನು ಅವರು ಅವರ ಭಾಷೆಯಲ್ಲಿ ಹೇಳಿದರು.

ಆಗಿನಿಂದ ‘ಎಷ್ಟು ಗೆದ್ದೆ’ ಎಂಬ ಪ್ರಶ್ನೆಯ ಬೆನ್ನಿಗೇ ‘ಯಾರ ಮೇಲೆ ಗೆದ್ದೆ’ ಎಂಬುದೂ ಗಟ್ಟಿಯಾಗಿ ಕೇಳತೊಡಗಿತು. ಇದನ್ನು ಅವರು ಸ್ಟ್ರೆಂತ್ ಆಫ್ ಶೆಡ್ಯೂಲ್ ಎನ್ನುತ್ತಾರೆ. ನಾನು ಎದುರಾಳಿಗಳ ತೂಕ ಎನ್ನುತ್ತೇನೆ. 1998ರಲ್ಲಿ ವೋಟು, ಗಣಕಯಂತ್ರ ಎಲ್ಲವನ್ನೂ ಬೆರೆಸಿ ಮೊದಲಿಬ್ಬರನ್ನು ಆರಿಸುವ ಪದ್ಧತಿ ಬಂದಾಗ ಈ ತೂಕಕ್ಕೂ ಒಂದು ಸೂತ್ರ ಕೂಡಿಸಿದರು. ನಿನ್ನ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ ಎಂಬುದಕ್ಕೆ ಮೂರರಲ್ಲಿ ಎರಡು ಪಾಲು, ಆ ಎದುರಾಳಿಗಳ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ ಎಂಬುದಕ್ಕೆ ಒಂದು ಪಾಲು. ಹುಡುಗಿ ನೋಡಲು ಬಂದವರು ಹುಡುಗಿಯ ತಾಯಿಯ ಮನೆತನವನ್ನೂ, ಆ ತಾಯಿಯ ತೌರಿನವರನ್ನೂ ವಿಚಾರಿಸುವುದಿಲ್ಲವೇ, ಹಾಗೆ. ಇಷ್ಟಾದರೂ 2003ರಲ್ಲಿ ಎರಡೂ ವೋಟಿನ ಪಟ್ಟಿಗಳಲ್ಲಿ ಮೊದಲಿದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅಂತಿಮ ಪಂದ್ಯದಿಂದ ಹೊರಗುಳಿಯಿತು. ತನ್ನ ಒಕ್ಕೂಟದ ಅಂತಿಮ ಪಂದ್ಯವನ್ನು 35-7ರಿಂದ ಸೋತಿದ್ದ ಓಕ್ಲಹೋಮಾ ಒಳಗೆ ಹೋಯಿತು. ಮರುವರ್ಷ ಎದುರಾಳಿಗಳ ತೂಕದ ಪ್ರತ್ಯೇಕ ಅಂಶವನ್ನೇ ಸೂತ್ರದಿಂದ ಕಿತ್ತುಹಾಕಿದರು.

ಸೂತ್ರಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ವೆಸ್ಲಿ ಕಾಲಿ ಎಂಬ ಖಭೌತ ವಿಜ್ಞಾನಿಯದು. ಗೆಲುವಿಗೆ ಒಂದು ಕೂಡಿಸು, ಆಡಿದ ಪಂದ್ಯಗಳಿಗೆ ಎರಡು ಕೂಡಿಸು, ಭಾಗಿಸು. ಒಂದು ಪಂದ್ಯವನ್ನೂ ಆಡದವನಿಗೆ ಅರ್ಧ. ಒಂದು ಗೆದ್ದವನಿಗೆ ಮೂರರಲ್ಲಿ ಎರಡು, ಒಂದು ಸೋತವನಿಗೆ ಮೂರರಲ್ಲಿ ಒಂದು. ಹದಿಮೂರೂ ಗೆದ್ದವನಿಗೂ ಹದಿನೈದರಲ್ಲಿ ಹದಿನಾಲ್ಕೇ ಹೊರತು ಪೂರ್ತಿ ಒಂದು ಇಲ್ಲ. ಆಮೇಲೆ ಎದುರಾಳಿಗಳ ಬೆಲೆಯನ್ನು ಸಮೀಕರಣಗಳಲ್ಲಿ ಹಾಕಿ ಎಲ್ಲರ ಲೆಕ್ಕವನ್ನೂ ಒಟ್ಟಿಗೇ ಬಿಡಿಸುತ್ತಾನೆ. ಎಷ್ಟು ಅಂತರದಿಂದ ಗೆದ್ದರು ಎಂಬುದನ್ನು ಗಣಿಸುವುದೇ ಇಲ್ಲ. ಎಲ್ಲರನ್ನೂ ಅರ್ಧದಿಂದ ಶುರು ಮಾಡುತ್ತಾನಲ್ಲ, ಆ ಮರ್ಯಾದೆ ನನಗೆ ಹಿಡಿಸಿತು. ಹೆಸರು ದೊಡ್ಡದೆಂದು ಮುಕ್ಕಾಲು ಕೊಟ್ಟು ಶುರು ಮಾಡುವುದಿಲ್ಲ.

ಸಾಮಾನ್ಯವಾಗಿ ಬಳಸುವ ತೂಕ ಮಾತ್ರ ಸರಾಸರಿಯದು, ಮತ್ತು ಸರಾಸರಿಯಲ್ಲಿ ಒಂದು ಮೋಸವಿದೆ. ಒಂದು ಹಂಡೆಯಲ್ಲಿ ಕುದಿನೀರು, ಇನ್ನೊಂದರಲ್ಲಿ ತಣ್ಣೀರು ಇದ್ದರೆ, ಸರಾಸರಿ ಹದವಾಗಿದೆ ಎಂದು ಬಾಣಂತಿಗೆ ಕುದಿಯುವ ಹಂಡೆಯಿಂದ ಎತ್ತಿ ಸುರಿಯಲಾದೀತೇ? ಎರಡು ಪಂದ್ಯಪಟ್ಟಿಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಇಬ್ಬರು ಮಹಾಬಲಶಾಲಿಗಳು, ಹತ್ತು ಮಂದಿ ಕಡ್ಡಿಪೈಲ್ವಾನರು. ಎರಡನೆಯದರಲ್ಲಿ ಹನ್ನೆರಡೂ ಮಂದಿ ಮಧ್ಯಮರು. ಸರಾಸರಿ ಎರಡರದೂ ಒಂದೇ ಬಂತು ಎನ್ನೋಣ. ಬಲಿಷ್ಠ ತಂಡವೊಂದು ಮೊದಲ ಪಟ್ಟಿ ಹಿಡಿದು ಹೊರಟರೆ, ಹತ್ತು ಗೆಲುವು ಕೈಯಲ್ಲೇ ಇದ್ದ ಹಾಗೆ. ಉಳಿದ ಎರಡರಲ್ಲಿ ಗೆಲುವು ಅರ್ಧ, ಸೋಲು ಅರ್ಧ ಎಂದುಕೊಂಡರೆ ಒಂದೂ ಸೋಲದೆ ಮುಗಿಸುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡನೇ ಪಟ್ಟಿಯಲ್ಲಿ ಅದೇ ತಂಡಕ್ಕೆ ಪ್ರತಿ ಪಂದ್ಯದಲ್ಲೂ ನೂರಕ್ಕೆ ತೊಂಬತ್ತೈದು ಗೆಲುವು ಎಂದರೆ, ಹನ್ನೆರಡನ್ನೂ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಬಲಿಷ್ಠನಿಗೆ ಮೊದಲ ಪಟ್ಟಿ ಕಷ್ಟ. ಈಗ ಅವೇ ಪಟ್ಟಿಗಳನ್ನು ಸಾಧಾರಣ ತಂಡವೊಂದಕ್ಕೆ ಕೊಡಿ. ಮೊದಲನೆಯದರಲ್ಲಿ ಅದು ಹತ್ತು ಗೆದ್ದು ಮೀಸೆ ತಿರುವುತ್ತದೆ. ಎರಡನೆಯದರಲ್ಲಿ ಆರು ಗೆದ್ದರೆ ಪುಣ್ಯ. ಹಾಗಾದರೆ ಕಠಿಣ ಪಟ್ಟಿ ಯಾವುದು? ಆಡುವವರು ಯಾರು ಎಂದು ಹೇಳದೆ ಉತ್ತರವೇ ಇಲ್ಲ. ಈ ನ್ಯೂನತೆ ಕಂಡೇ ಅಲ್ಲಿಯ ಇ.ಎಸ್.ಪಿ.ಎನ್. ಟಿ.ವಿ.ಯವರು ಬೇರೊಂದು ಅಳತೆ ತಂದರು: ಮೊದಲ ಇಪ್ಪತ್ತೈದರಲ್ಲಿ ನಿಲ್ಲುವಂಥ ಒಂದು ಸಾಧಾರಣ ತಂಡಕ್ಕೆ ಇದೇ ಪಂದ್ಯಪಟ್ಟಿ ಕೊಟ್ಟರೆ ಇಷ್ಟು ಗೆಲ್ಲುವ ಸಾಧ್ಯತೆ ಎಷ್ಟು? ಇದು ಬುದ್ಧಿವಂತರ ಪ್ರಶ್ನೆ. ಗೆಲುವು ಬೇರೆ, ಎದುರಾಳಿ ಬೇರೆ ಎಂದು ಎರಡು ತಕ್ಕಡಿ ಹಿಡಿಯದೆ ಎರಡನ್ನೂ ಒಂದರಲ್ಲೇ ಇಡುತ್ತದೆ.

ಆದರೆ ಲೆಕ್ಕ ಎಷ್ಟೇ ತಿದ್ದಿದರೂ ಒಂದು ಮಾತು ಉಳಿಯುತ್ತದೆ. ಎದುರಾಳಿಗಳು ದುರ್ಬಲರಾಗಿದ್ದರೆ ಅದರಿಂದ ಗೆದ್ದವನು ದುರ್ಬಲ ಎಂದು ತಿಳಿಯುವುದಿಲ್ಲ. ಅವನ ಬಲ ಎಷ್ಟೆಂದು ನಮಗೆ ಗೊತ್ತಾಗಲಿಲ್ಲ, ಅಷ್ಟೇ. ನಮ್ಮ ಅಜ್ಞಾನವನ್ನು ಅವನ ಅಪರಾಧವೆಂದು ಬರೆಯುವುದು ನ್ಯಾಯವಲ್ಲ. ಪ್ರಶ್ನೆಪತ್ರಿಕೆ ಸುಲಭವಾಗಿದ್ದಾಗ ನೂರಕ್ಕೆ ನೂರು ತೆಗೆದ ಹುಡುಗಿಯನ್ನು ನಾನು ಏನು ಮಾಡಬೇಕು? ಇನ್ನೊಂದು ಕಠಿಣ ಪತ್ರಿಕೆ ಕೊಡಬಹುದು. ‘ಪತ್ರಿಕೆ ಸುಲಭವಿತ್ತಮ್ಮಾ, ಆದ್ದರಿಂದ ನಿನಗೆ ಎಂಬತ್ತು’ ಎಂದು ಬರೆದರೆ ಅವಳ ಅಪ್ಪ ಸ್ಟಾಫ್ ರೂಮಿಗೆ ಬಂದು ಜಗಳ ಆಡುತ್ತಾನೆ, ಆಡಲೂ ಬೇಕು. ಪತ್ರಿಕೆ ತಯಾರಿಸಿದವಳು ಅವಳಲ್ಲವಲ್ಲ.

2017ರಲ್ಲಿ ಒರ್ಲ್ಯಾಂಡೊದ ಸೆಂಟ್ರಲ್ ಫ್ಲಾರಿಡಾ ತಂಡಕ್ಕೆ ಆದದ್ದು ಇದೇ. 2015ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋತಿದ್ದ ತಂಡ ಅದು. ಎರಡೇ ವರ್ಷದಲ್ಲಿ ಹನ್ನೆರಡಕ್ಕೆ ಹನ್ನೆರಡೂ ಗೆದ್ದು ನಿಂತಿತು. ಆ ವರ್ಷ ಜಾರ್ಜಿಯಾ ಟೆಕ್ ಎಂಬ ದೊಡ್ಡ ಹೆಸರಿನ ಎದುರಾಳಿಯೊಂದಿಗೆ ಪಂದ್ಯ ಗೊತ್ತಾಗಿತ್ತು. ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಂದು ಆ ಪಂದ್ಯವೇ ರದ್ದಾಯಿತು. ಚಂಡಮಾರುತಕ್ಕೂ ಅಂಕ ಕಳೆದರೋ ಏನೋ, ಆಯ್ಕೆ ಸಮಿತಿ ತನ್ನ ಕೊನೆಯ ಪಟ್ಟಿಯಲ್ಲಿ ಈ ತಂಡಕ್ಕೆ ಕೊಟ್ಟದ್ದು ಹನ್ನೆರಡನೇ ಸ್ಥಾನ. 2014ರಿಂದ ಸಮಿತಿಯೇ ನಾಲ್ಕು ತಂಡಗಳನ್ನು ಆರಿಸುವ ಪದ್ಧತಿ ಬಂದಿತ್ತು. ಹನ್ನೆರಡನೆಯವರಿಗೆ ಅಲ್ಲಿ ಜಾಗವೆಲ್ಲಿ? ಸಮಾಧಾನಕ್ಕೆ ಆಬರ್ನ್ ತಂಡದೊಂದಿಗೆ ಒಂದು ಪಂದ್ಯ ಸಿಕ್ಕಿತು. ಆ ಆಬರ್ನ್ ನವೆಂಬರಿನಲ್ಲಿ ಜಾರ್ಜಿಯಾವನ್ನು 40-17ರಿಂದಲೂ ಅಲಬಾಮಾವನ್ನು 26-14ರಿಂದಲೂ ಸೋಲಿಸಿತ್ತು. (ಜಾರ್ಜಿಯಾ ಆಮೇಲೆ ಒಕ್ಕೂಟದ ಅಂತಿಮ ಪಂದ್ಯದಲ್ಲಿ ಸೇಡು ತೀರಿಸಿಕೊಂಡಿತು, ಅದು ಬೇರೆ.) 2018ರ ಜನವರಿ 1ರಂದು ಸೆಂಟ್ರಲ್ ಫ್ಲಾರಿಡಾ 34-27ರಿಂದ ಆಬರ್ನನ್ನು ಗೆದ್ದಿತು. ಒಂದು ವಾರದ ನಂತರ ರಾಷ್ಟ್ರೀಯ ಅಂತಿಮ ಪಂದ್ಯ ಆಡಿದವರು ಯಾರು? ಅದೇ ಜಾರ್ಜಿಯಾ, ಅದೇ ಅಲಬಾಮಾ. ಅಲಬಾಮಾ ಗೆದ್ದು ಚಾಂಪಿಯನ್ ಆಯಿತು. ಇಡೀ ವರ್ಷ ಸೋಲದೆ ಉಳಿದದ್ದು ಸೆಂಟ್ರಲ್ ಫ್ಲಾರಿಡಾ ಒಂದೇ. ಅವರು ತಾವೇ ಚಾಂಪಿಯನ್ನರೆಂದು ಸಾರಿಕೊಂಡು ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆ ಮಾಡಿದರು. ನಕ್ಕವರು ಬಹಳ. ನಾನು ಮೆಚ್ಚಿದ ಕಾಲಿಯ ಸೂತ್ರ ಮಾತ್ರ ಅವರನ್ನೇ ಮೊದಲನೆಯವರಾಗಿ ತೋರಿಸಿತ್ತು, ಆ ಕಾರಣದಿಂದ ರಾಷ್ಟ್ರೀಯ ಕ್ರೀಡಾಮಂಡಳಿಯ ದಾಖಲೆ ಪುಸ್ತಕದಲ್ಲೂ ಅವರ ಹೆಸರು ಸೇರಿತು.

‘ಹಾಗಾದರೆ ಚಿಕ್ಕ ತಂಡಗಳು ದೊಡ್ಡವರ ಜೊತೆ ಆಡಿ ತೋರಿಸಲಿ’ ಎನ್ನುತ್ತಾರೆ. ಆಡಲು ಕರೆಯಬೇಕಲ್ಲ! ದೊಡ್ಡವರು ಚಿಕ್ಕವರ ಊರಿಗೆ ಹೋಗುವುದು ಅಪರೂಪ. ಗೆದ್ದರೆ ಹೆಸರಿಲ್ಲ, ಸೋತರೆ ಮಾನವಿಲ್ಲ. ಬದಲಿಗೆ ಹಣ ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿಕೊಳ್ಳುತ್ತಾರೆ. ಸೋಲಲಿಕ್ಕೆ ಕೂಲಿ ಎಂದರೂ ತಪ್ಪಿಲ್ಲ. ಆ ಹಣದಲ್ಲಿ ಚಿಕ್ಕ ಕಾಲೇಜಿನ ಉಳಿದ ಆಟಗಳು ನಡೆಯುತ್ತವೆ. 2007ರಲ್ಲಿ ಮಿಷಿಗನ್, ಅಪಲಾಚಿಯನ್ ಸ್ಟೇಟ್ ಎಂಬ ಕೆಳಹಂತದ ತಂಡಕ್ಕೆ ನಾಲ್ಕು ಲಕ್ಷ ಡಾಲರ್ ಕೊಟ್ಟು ಕರೆಸಿ, ಲಕ್ಷಕ್ಕೂ ಹೆಚ್ಚು ಜನರೆದುರು 34-32ರಿಂದ ಸೋತಿತು. 2024ರಲ್ಲಿ ನೋಟರ್ ಡೇಮ್ ಹದಿನಾಲ್ಕು ಲಕ್ಷ ಡಾಲರ್ ಕೊಟ್ಟು ನಾರ್ದರ್ನ್ ಇಲಿನಾಯ್ ತಂಡವನ್ನು ಕರೆಸಿ 16-14ರಿಂದ ಸೋತಿತು. ಇಂಥದ್ದನ್ನು ಓದುವಾಗ ನನಗೆ ಆಗುವ ಸಂತೋಷವನ್ನು ಮುಚ್ಚಿಡುವುದಿಲ್ಲ. ಆದರೆ ಅದರ ಮುಂದಿನ ಭಾಗವನ್ನೂ ನೋಡಿ. ಆ ನೋಟರ್ ಡೇಮ್ ಅದೇ ವರ್ಷ ಅಂತಿಮ ಪಂದ್ಯದವರೆಗೂ ಹೋಯಿತು. ಹಾಗೆ ಸೋತ ಮೇಲೂ ಎದ್ದು ನಿಲ್ಲುವ ಅವಕಾಶ ದೊಡ್ಡವರಿಗಿದೆ. ಚಿಕ್ಕವರು ಒಂದು ಸೋತರೆ ಅಲ್ಲಿಗೆ ಮುಗಿಯಿತು.

ಹಾಗೆಂದು ಎದುರಾಳಿಗಳ ತೂಕವನ್ನು ನೋಡಲೇಬಾರದು ಎನ್ನುವವಳಲ್ಲ ನಾನು. ಹವಾಯಿ ತಂಡ 2007ರಲ್ಲಿ ಹನ್ನೆರಡಕ್ಕೆ ಹನ್ನೆರಡು ಗೆದ್ದಿತ್ತು, ಅದರಲ್ಲಿ ಎರಡು ಗೆಲುವು ಕೆಳಹಂತದ ತಂಡಗಳ ಮೇಲೆ. ಹೊಸ ವರ್ಷದ ದಿನ ಜಾರ್ಜಿಯಾದ ಎದುರು ನಿಂತಾಗ 41-10ರಿಂದ ಮಣ್ಣು ಮುಕ್ಕಿತು. ಅದರ ಹಿಂದಿನ ಹೊಸ ವರ್ಷದ ದಿನ ಬಾಯ್ಸಿ ಸ್ಟೇಟ್ ಎಂಬ ಅಂಥದೇ ಸೋಲರಿಯದ ಚಿಕ್ಕ ತಂಡ ಓಕ್ಲಹೋಮಾವನ್ನು 43-42ರಿಂದ ಗೆದ್ದಿತ್ತು. ಎರಡೂ ಸೋಲಿಲ್ಲದ ತಂಡಗಳು, ಎರಡರ ಮೇಲೂ ಒಂದೇ ಆಕ್ಷೇಪ. ಎದುರಿಗೆ ನಿಲ್ಲಿಸುವವರೆಗೆ ಯಾರು ಗಟ್ಟಿ, ಯಾರು ಜೊಳ್ಳು ಎಂದು ಯಾವ ಸೂತ್ರವೂ ಹೇಳಲಿಲ್ಲ.

ಈಗ ಅಳಿಯಂದಿರ ಟಲಹಾಸಿಗೆ ಬರೋಣ. ಫ್ಲಾರಿಡಾ ಸ್ಟೇಟ್ ಚಿಕ್ಕ ತಂಡವೇನಲ್ಲ. ಆಗಿದ್ದ ಐದು ದೊಡ್ಡ ಒಕ್ಕೂಟಗಳಲ್ಲಿ ಒಂದರ ಚಾಂಪಿಯನ್. 2023ರಲ್ಲಿ ಮೊದಲ ಪಂದ್ಯದಲ್ಲೇ ಲೂಯಿಸಿಯಾನಾ ಸ್ಟೇಟ್ ತಂಡವನ್ನು 45-24ರಿಂದ ಸೋಲಿಸಿತ್ತು. ಆ ತಂಡದ ಕ್ವಾರ್ಟರ್‌ಬ್ಯಾಕ್‌ಗೇ ಆ ವರ್ಷ ಹೈಸ್ಮನ್ ಎಂಬ ಅತಿದೊಡ್ಡ ಪ್ರಶಸ್ತಿ ಬಂತು. ಹೀಗೆ ಹತ್ತು ಗೆದ್ದು, ನವೆಂಬರ್ 18ರಂದು ನಾರ್ತ್ ಅಲಬಾಮಾ ಎಂಬ ಕೆಳಹಂತದ ತಂಡದೊಂದಿಗೆ ಆಡುವಾಗ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್‌ನ ಕಾಲು ಮುರಿಯಿತು. ಗೆದ್ದೇ ಗೆಲ್ಲುವ ಪಂದ್ಯ ಅದು, ಗೆದ್ದರು ಕೂಡ, 58-13. ಹುಡುಗನನ್ನು ಗಾಡಿಯಲ್ಲಿ ಮಲಗಿಸಿ ಹೊರಗೆ ಒಯ್ಯುವುದನ್ನು ಟಿ.ವಿ.ಯಲ್ಲಿ ನೋಡಿದಾಗ ನಮ್ಮ ಮನೆಯಲ್ಲಿ ಅನ್ನ ಸೇರಲಿಲ್ಲ. ಅದೇ ದಿನ ಅಲಬಾಮಾ ಕೂಡ ಚಟ್ಟನೂಗಾ ಎಂಬ ಅಂಥದೇ ತಂಡದೊಂದಿಗೆ ಆಡಿ 66-10ರಿಂದ ಗೆದ್ದಿತು ಎಂಬುದನ್ನು ಎದುರಾಳಿಗಳ ತೂಕದ ಬಗ್ಗೆ ಭಾಷಣ ಮಾಡುವವರು ನೆನಪಿಡಬೇಕು.

ಮುಂದಿನ ವಾರ ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನು ಇಟ್ಟುಕೊಂಡು, ಫ್ಲಾರಿಡಾ ತಂಡವನ್ನು ಅವರ ಊರಲ್ಲೇ 24-15ರಿಂದ ಗೆದ್ದರು. ಆ ಎರಡನೆಯವನಿಗೂ ತಲೆಗೆ ಪೆಟ್ಟಾಯಿತು. ಒಕ್ಕೂಟದ ಅಂತಿಮ ಪಂದ್ಯಕ್ಕೆ ಮೂರನೆಯವನು, ಆ ವರ್ಷವಷ್ಟೇ ಕಾಲೇಜಿಗೆ ಸೇರಿದ ಹುಡುಗ, ಇಳಿದ. ಲೂಯಿಸ್‌ವಿಲ್ ತಂಡವನ್ನು 16-6ರಿಂದ ಸೋಲಿಸಿದರು. ಚೆಂದದ ಆಟವಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ಎದುರಾಳಿಗೆ ಆರೇ ಅಂಕ ಬಿಟ್ಟುಕೊಟ್ಟಿದ್ದರು. ಅಡಿಗೆಯವಳು ಮಲಗಿದ ಮನೆಯಲ್ಲಿ ಉಳಿದವರು ಗಂಜಿ ಕಾಯಿಸಿಯಾದರೂ ಎಲ್ಲರ ಹೊಟ್ಟೆ ತುಂಬಿಸಿದ ಹಾಗಿತ್ತು ಅದು.

ಅದೇ ದಿನ ಅಲಬಾಮಾ, ಸತತ 29 ಪಂದ್ಯ ಗೆದ್ದಿದ್ದ ಜಾರ್ಜಿಯಾವನ್ನು 27-24ರಿಂದ ಸೋಲಿಸಿತು. ಫ್ಲಾರಿಡಾ ಸ್ಟೇಟ್‌ನ ಹದಿಮೂರು ಗೆಲುವುಗಳಲ್ಲಿ ಯಾವುದೂ ಆ ಒಂದರಷ್ಟು ತೂಕದ್ದಲ್ಲ, ಇದನ್ನು ಅಳಿಯಂದಿರ ಎದುರೇ ಹೇಳಿದೆ. ಆದರೆ ಅಲಬಾಮಾ ಸೆಪ್ಟೆಂಬರಿನಲ್ಲಿ ಟೆಕ್ಸಸ್ ತಂಡಕ್ಕೆ ತನ್ನ ಮೈದಾನದಲ್ಲಿ 34-24ರಿಂದ ಸೋತಿತ್ತು. ಅಲಬಾಮಾವನ್ನು ಕರೆದರೆ ಅದನ್ನು ಸೋಲಿಸಿದ ಟೆಕ್ಸಸ್ಸನ್ನು ಬಿಡುವಂತಿಲ್ಲ. ಸೋಲಿಲ್ಲದ ಮಿಷಿಗನ್ ಮತ್ತು ವಾಷಿಂಗ್ಟನ್ ಮೊದಲೇ ಒಳಗಿದ್ದವು. ನಾಲ್ಕು ಕುರ್ಚಿ ತುಂಬಿದವು. ನಾಲ್ಕು ತಂಡಗಳ ಪದ್ಧತಿ ನಡೆದ ಹತ್ತು ವರ್ಷಗಳಲ್ಲಿ ದೊಡ್ಡ ಒಕ್ಕೂಟದ ಸೋಲಿಲ್ಲದ ಚಾಂಪಿಯನ್ ಹೊರಗುಳಿದದ್ದು ಅದೊಂದೇ ಸಲ.

ಆ ರಾತ್ರಿ ಅಳಿಯಂದಿರು, “ಅತ್ತೆ, ನೀವು ವ್ಯಾಲ್ಯುಯೇಷನ್ ಮಾಡುವವರು, ನೀವೇ ಹೇಳಿ” ಎಂದು ಸಮಿತಿಯ ನಿಯಮಗಳನ್ನು ತೆರೆದು ನನ್ನ ಮುಂದಿಟ್ಟರು. ಸಮಬಲದ ತಂಡಗಳನ್ನು ಹೋಲಿಸುವಾಗ ನೋಡಬೇಕಾದ್ದು ಹೀಗಿದೆ: ಒಕ್ಕೂಟದ ಚಾಂಪಿಯನ್‌ಗಿರಿ, ಎದುರಾಳಿಗಳ ತೂಕ, ಪರಸ್ಪರ ಆಡಿದ್ದರೆ ಅದರ ಫಲ, ಇಬ್ಬರೂ ಆಡಿದ ಸಮಾನ ಎದುರಾಳಿಗಳ ವಿರುದ್ಧ ಬಂದ ಫಲ. ಚಾಂಪಿಯನ್‌ಗಿರಿ ಇಬ್ಬರಿಗೂ ಇದೆ. ತೂಕ ಅಲಬಾಮಾ ಕಡೆಗೆ. ಪರಸ್ಪರ ಆಡಿಲ್ಲ. ಸಮಾನ ಎದುರಾಳಿ ಒಂದೇ ಒಂದು, ಲೂಯಿಸಿಯಾನಾ ಸ್ಟೇಟ್. ಅದನ್ನು ಫ್ಲಾರಿಡಾ ಸ್ಟೇಟ್ 21 ಅಂಕದಿಂದ ಗೆದ್ದಿತ್ತು, ಅಲಬಾಮಾ 42-28, ಅಂದರೆ 14 ಅಂಕದಿಂದ. ಇಲ್ಲಿಯವರೆಗೆ ತಕ್ಕಡಿ ಆಚೆ ಈಚೆ ತೂಗುತ್ತದೆ, ತೂಗಲಿ. ಸಮಿತಿಯವರು ತೂಕವೇ ಹೆಚ್ಚೆಂದು ಅಲಬಾಮಾವನ್ನು ಆರಿಸಿದ್ದರೆ ನಾನು ಜಗಳ ಆಡುತ್ತಿದ್ದೆ, ಆದರೆ ಅದು ನ್ಯಾಯದ ಒಳಗಿನ ಜಗಳವಾಗಿರುತ್ತಿತ್ತು.

ಎಡವಟ್ಟಾದದ್ದು ಅದರ ಕೆಳಗಿನ ಒಂದು ಸಾಲಿನಲ್ಲಿ. ಮುಖ್ಯ ಆಟಗಾರರೋ ತರಬೇತುದಾರರೋ ಇಲ್ಲದೆ ಹೋದದ್ದು ಆ ವರ್ಷದ ಆಟದ ಮೇಲೆ ಪರಿಣಾಮ ಮಾಡಿರಬಹುದಾದರೆ ಅದನ್ನು ಗಮನಿಸಬಹುದು ಎಂದು ಆ ಸಾಲಿನ ಮೊದಲ ಅರ್ಧ ಹೇಳುತ್ತದೆ. ಇದು ದಯೆಯ ಮಾತು. ಪರೀಕ್ಷೆಯ ವಾರ ಜ್ವರ ಬಂದ ಮಗುವಿನ ಬಗ್ಗೆ ನಾವೂ ಹೀಗೇ ಯೋಚಿಸುತ್ತೇವೆ. ಆದರೆ ಸಾಲು ಅಲ್ಲಿಗೆ ನಿಲ್ಲದೆ, ಮುಂದಿನ ಪಂದ್ಯಗಳ ಮೇಲೆ ಪರಿಣಾಮ ಆಗುವ ಸಂಭವವಿದ್ದರೂ ಗಮನಿಸಬಹುದು ಎಂದು ಮುಂದುವರಿಯುತ್ತದೆ. ಮೊದಲ ಅರ್ಧ ಆಗಿಹೋದದ್ದನ್ನು ಅರ್ಥ ಮಾಡಿಕೊಳ್ಳುತ್ತದೆ, ಎರಡನೇ ಅರ್ಧ ಜ್ಯೋತಿಷ್ಯ ಹೇಳುತ್ತದೆ. ಒಂದೇ ಪೂರ್ಣವಿರಾಮದೊಳಗೆ ಎರಡನ್ನೂ ಕಟ್ಟಿಹಾಕಿರುವುದರಿಂದ ದಯೆಯ ಸೆರಗಿನಲ್ಲಿ ಶಿಕ್ಷೆ ಬಂದು ಕೂತಿದೆ. ಟ್ರಾವಿಸ್ ಇಲ್ಲದ ತಂಡ ಮೊದಲಿನ ತಂಡವಲ್ಲ ಎಂಬುದೇ ಸಮಿತಿ ಕೊಟ್ಟ ವಿವರಣೆ. ಅವನಿಲ್ಲದೆ ಅವರು ಗೆದ್ದ ಎರಡು ಪಂದ್ಯಗಳು ಅಂಕಪಟ್ಟಿಯಲ್ಲಿದ್ದವು, ಮುಂದೆ ಸೋಲಬಹುದಾದ ಪಂದ್ಯ ಊಹೆಯಲ್ಲಿತ್ತು. ಊಹೆ ಗೆದ್ದಿತು. 625ಕ್ಕೆ 610 ತೆಗೆದ ಹುಡುಗಿಗೆ, ‘ನಿಮ್ಮಪ್ಪ ತೀರಿಕೊಂಡಿದ್ದಾರೆ, ಮುಂದೆ ನೀನು ಓದುವುದು ಅನುಮಾನ’ ಎಂದು ಸೀಟು ನಿರಾಕರಿಸಿದರೆ ನಾವು ಸುಮ್ಮನಿರುತ್ತೇವೆಯೇ?

ಆಯ್ಕೆಯ ಸುದ್ದಿ ಬಂದ ದಿನವೇ ಟ್ರಾವಿಸ್ ಬಹಿರಂಗವಾಗಿ ಬರೆದುಕೊಂಡ ಮಾತನ್ನು ಅಳಿಯಂದಿರು ಓದಿ ಹೇಳಿದರು. ತನ್ನ ಕಾಲು ವರ್ಷದ ಆರಂಭದಲ್ಲೇ ಮುರಿದಿದ್ದರೆ ಚೆನ್ನಾಗಿತ್ತು, ಆಗ ಈ ತಂಡ ಬರೀ ಒಬ್ಬ ಕ್ವಾರ್ಟರ್‌ಬ್ಯಾಕ್‌ನದಲ್ಲ ಎಂದು ಎಲ್ಲರೂ ಕಾಣುತ್ತಿದ್ದರು ಎಂಬ ಅರ್ಥದ ಮಾತು ಅದು. ಇಪ್ಪತ್ತರ ಹರೆಯದ ಹುಡುಗನ ಬಾಯಲ್ಲಿ ಇಂಥ ಮಾತು ಬರಿಸಿದ ಮೌಲ್ಯಮಾಪನ ಎಂಥದ್ದು? ಮಗಳು ಒಳಗಿನಿಂದಲೇ “ಅವನ ತಾಯಿಗೆ ಹೇಗಾಗಿರಬೇಡ, ಅಮ್ಮಾ” ಎಂದಳು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಡಿಸೆಂಬರ್ 30ರಂದು ಸಮಾಧಾನದ ಪಂದ್ಯದಲ್ಲಿ ಫ್ಲಾರಿಡಾ ಸ್ಟೇಟ್ ಜಾರ್ಜಿಯಾದ ಕೈಯಲ್ಲಿ 63-3ರಿಂದ ಸೋತಿತು. ‘ನೋಡಿ, ಸಮಿತಿ ಹೇಳಿದ್ದೇ ಸರಿ’ ಎಂದು ಗೆದ್ದೆತ್ತಿನ ಬಾಲ ಹಿಡಿಯುವವರೆಲ್ಲ ಎದ್ದು ನಿಂತರು. ಆ ದಿನ ಫ್ಲಾರಿಡಾ ಸ್ಟೇಟ್‌ನ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಮೈದಾನಕ್ಕೇ ಇಳಿದಿರಲಿಲ್ಲ. ಗುರಿ ಕಿತ್ತುಕೊಂಡ ಮೇಲೆ ಕೆಲವರು ಮುಂದಿನ ಹೊಟ್ಟೆಪಾಡು ನೋಡಿಕೊಂಡರು, ಕೆಲವರು ಗಾಯ ಆರಿಸಿಕೊಳ್ಳುತ್ತಿದ್ದರು. ಹಾಲ್ ಟಿಕೆಟ್ ಕೊಡದೆ ಕಳಿಸಿ, ಆಮೇಲೆ ಖಾಲಿ ಬೆಂಚಿಗೆ ಸೊನ್ನೆ ಹಾಕಿ, ಇವಳು ಪಾಸಾಗುತ್ತಿರಲಿಲ್ಲ ಎನ್ನುವುದು ಇದು. ಒಳಗೆ ಹೋದ ಅಲಬಾಮಾ ಮೊದಲ ಪಂದ್ಯದಲ್ಲೇ ಮಿಷಿಗನ್‌ಗೆ 27-20ರಿಂದ ಸೋತಿತು, ಟೆಕ್ಸಸ್ ವಾಷಿಂಗ್ಟನ್‌ಗೆ ಸೋತಿತು. ಅದರಿಂದಲೂ ಏನೂ ಸಿದ್ಧವಾಗುವುದಿಲ್ಲ ಎಂದು ಅಳಿಯಂದಿರಿಗೆ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ರಾಜ್ಯದ ಅಟಾರ್ನಿ ಜನರಲ್ ಸಮಿತಿಯಿಂದ ದಾಖಲೆ ಕೇಳಿದರು, ವಿಶ್ವವಿದ್ಯಾಲಯ ತನ್ನ ಒಕ್ಕೂಟದ ಮೇಲೇ ಕೋರ್ಟಿಗೆ ಹೋಯಿತು. ಆಟ ಲಾಯರುಗಳ ಕೈಗೆ ಹೋದ ಮೇಲೆ ನನಗೆ ಆಸಕ್ತಿ ಉಳಿಯಲಿಲ್ಲ.

2024ರಿಂದ ನಾಲ್ಕರ ಬದಲು ಹನ್ನೆರಡು ತಂಡಗಳಿಗೆ ಜಾಗವಾಯಿತು. ಸರಿಯಾದ ದಾರಿ ಇದೇ, ಗೊತ್ತಿಲ್ಲದಿದ್ದರೆ ಆಡಿಸಿ ನೋಡು. ಮೊದಲ ವರ್ಷ ನಾಲ್ಕು ಒಕ್ಕೂಟ ಚಾಂಪಿಯನ್‌ಗಳಿಗೆ ಮೊದಲ ಸುತ್ತಿನ ವಿನಾಯಿತಿ ಕೊಟ್ಟರು, ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತವು. ಮರುವರ್ಷ ಆ ನಿಯಮ ಬದಲಾಯಿತು. 2025ರ ಆಗಸ್ಟಿನಲ್ಲಿ ಸಮಿತಿ ಇನ್ನೊಂದು ಅಳತೆಯನ್ನೂ ಸೇರಿಸಿಕೊಂಡಿತು. ಬಲಿಷ್ಠರನ್ನು ಗೆದ್ದರೆ ಹೆಚ್ಚು ಬೆಲೆ, ಬಲಿಷ್ಠರಿಗೆ ಸೋತರೆ ಕಡಿಮೆ ದಂಡ. ಕೇಳಲು ಹಿತವಾಗಿದೆ. ಆದರೆ ಬಲಿಷ್ಠರೊಂದಿಗೆ ಆಡುವ ಅವಕಾಶ ಯಾರಿಗಿದೆಯೋ ಅವರಿಗೇ ಈ ರಿಯಾಯಿತಿ. ಆ ಹಳೆಯ ಸಾಲಿನ ಎರಡನೇ ಅರ್ಧವನ್ನು ಹೊಡೆದು ಹಾಕಿದ್ದರೆ ನಾನು ಇನ್ನೂ ಹೆಚ್ಚು ಸಂತೋಷಪಡುತ್ತಿದ್ದೆ.

ಹನ್ನೆರಡರ ಮೊದಲ ವರ್ಷದಲ್ಲಿ ಎಲ್ಲರ ಬಾಯಿಗೆ ಸಿಕ್ಕಿದ್ದು ಇಂಡಿಯಾನಾ ತಂಡ. ಹನ್ನೊಂದು ಗೆದ್ದು ಒಂದು ಸೋತು ಒಳಗೆ ಬಂದಿತ್ತು, ಸೋತದ್ದು ಆ ವರ್ಷದ ಕೊನೆಗೆ ಚಾಂಪಿಯನ್ ಆದ ಒಹಾಯೊ ಸ್ಟೇಟ್‌ಗೆ. ಇಂಡಿಯಾನಾ ಗೆದ್ದದ್ದೆಲ್ಲ ಬಡಪಾಯಿಗಳ ಮೇಲೆ, ಅವರ ಜಾಗ ಬೇರೆಯವರದು ಎಂದು ಟಿ.ವಿ.ಯವರು ವಾರಗಟ್ಟಲೆ ಹೇಳಿದರು. ಮೊದಲ ಸುತ್ತಿನಲ್ಲಿ ಅದು ನೋಟರ್ ಡೇಮ್‌ಗೆ 27-17ರಿಂದ ಸೋತಾಗ ಆ ಮಾತು ಇನ್ನೂ ಜೋರಾಯಿತು. ಮರುವರ್ಷ ಅದೇ ಇಂಡಿಯಾನಾ ಒಕ್ಕೂಟದ ಅಂತಿಮ ಪಂದ್ಯದಲ್ಲಿ ಒಹಾಯೊ ಸ್ಟೇಟನ್ನು 13-10ರಿಂದ ಸೋಲಿಸಿತು. 2026ರ ಜನವರಿಯಲ್ಲಿ ಮಯಾಮಿ ತಂಡವನ್ನು 27-21ರಿಂದ ಗೆದ್ದು, ಹದಿನಾರಕ್ಕೆ ಹದಿನಾರು ಗೆಲುವಿನೊಂದಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಳಿಯಂದಿರು ಫೋನಿನಲ್ಲಿ ಸುದ್ದಿ ಹೇಳಿದಾಗ ನಾನು ಕೇಳಿದ್ದು ಆ ವರ್ಷ ಒಕ್ಕೂಟದ ಹೊರಗೆ ಅವರು ತಾವೇ ಆರಿಸಿಕೊಂಡ ಎದುರಾಳಿಗಳು ಯಾರು ಎಂದು. ಓಲ್ಡ್ ಡೊಮಿನಿಯನ್, ಕೆನೆಸಾ ಸ್ಟೇಟ್, ಇಂಡಿಯಾನಾ ಸ್ಟೇಟ್ ಎಂದರು. ಯಾವುದರ ಹೆಸರನ್ನೂ ನಾನು ಅದುವರೆಗೆ ಕೇಳಿರಲಿಲ್ಲ.